ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿದ್ದ ವಜ್ರ

ವಿಯೆನ್ನಾ ನಗರದ ಹೋಫ್‌ಬುರ್ಗ್ ಅರಮನೆಯಲ್ಲಿ ಒಂದು ರತ್ನಭಂಡಾರವುಂಟು. ಆರು ನೂರು ವರ್ಷಗಳಿಗೂ ಮಿಕ್ಕಿ ಆಸ್ಟ್ರಿಯಾವನ್ನು ಆಳಿ, 1918ರಲ್ಲಿ ಸಿಂಹಾಸನವನ್ನು ಕಳೆದುಕೊಂಡ ಹ್ಯಾಬ್ಸ್‌ಬರ್ಗ್ ರಾಜವಂಶದ ಐಸಿರಿ ಅಲ್ಲಿನ ಗಾಜಿನ ಕಪಾಟುಗಳಲ್ಲಿ ಕಣ್ಣು ಕೋರೈಸುತ್ತ ಕುಳಿತಿದೆ. 1602ರಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನಿಗಾಗಿ ಪ್ರಾಗ್ ನಗರದಲ್ಲಿ ಮಾಡಿದ ಕಿರೀಟದ ಮುಂದೆ ನಿಂತವರು ಬೇಗನೆ ಅಲ್ಲಿಂದ ಕದಲಲಾರರು. ಚಿನ್ನದ ಮೇಲೆ ನವುರಾದ ಮೀನಾ ಕೆಲಸ, ಅಂಚಿಗೆ ಮುತ್ತಿನ ಸಾಲು, ಸುತ್ತಲೂ ವಜ್ರ ಮಾಣಿಕ್ಯಗಳು, ಎಲ್ಲಕ್ಕೂ ಮೇಲೆ ನೆತ್ತಿಯಲ್ಲಿ ಮುಗಿಲ ಬಣ್ಣದ ಒಂದೇ ಒಂದು ನೀಲ. 1804ರಲ್ಲಿ ಇದೇ ಆಸ್ಟ್ರಿಯಾ ಸಾಮ್ರಾಜ್ಯದ ಕಿರೀಟವೆಂದು ಘೋಷಿತವಾಯಿತು. ಸೋಜಿಗವೆಂದರೆ, ಇದನ್ನು ತಲೆಯ ಮೇಲಿಟ್ಟು ಆಸ್ಟ್ರಿಯಾದ ಯಾವ ಚಕ್ರವರ್ತಿಗೂ ಪಟ್ಟಾಭಿಷೇಕ ನಡೆಯಲಿಲ್ಲ! ಅದರ ಸಮೀಪದಲ್ಲೇ, ಕೊಲಂಬಿಯಾ ದೇಶದ ಒಂದೇ ಪಚ್ಚೆಯ ಹರಳನ್ನು ಕೊರೆದು 1641ರಲ್ಲಿ ಮಾಡಿದ ಪುಟ್ಟ ಭರಣಿಯಿದೆ. ತೂಕ 2,680 ಕ್ಯಾರೆಟ್. ಉಂಗುರದಲ್ಲಿ ಕಾಳಿನಷ್ಟು ಪಚ್ಚೆಯನ್ನು ಕಂಡೇ ಹಿಗ್ಗುವವರಿಗೆ ಈ ಭರಣಿಯನ್ನು ಕಂಡಾಗ ತಮ್ಮ ಕಣ್ಣನ್ನು ತಾವೇ ನಂಬಲಾಗದಿದ್ದರೆ ಅದು ಅವರ ತಪ್ಪಲ್ಲ.

ಇವುಗಳ ಜೊತೆಗೆ ಎರಡು ವಿಚಿತ್ರ ವಸ್ತುಗಳಿವೆ. ಒಂದು ಅಕೀಕ ಶಿಲೆಯ ದೊಡ್ಡ ಬಟ್ಟಲು. ಇನ್ನೊಂದು ಎರಡು ಮೀಟರಿಗೂ ಮಿಕ್ಕ ಉದ್ದದ, ತಿರುಚಿಕೊಂಡಿರುವ ಕೊಂಬು. ಏಕಶೃಂಗಿಯೆಂಬ ಮಾಯಾಮೃಗದ ಕೊಂಬಿದೆಂದು ಅಂದಿನ ಅರಸರು ನಂಬಿದ್ದರು. ಅದು ಉತ್ತರ ಧ್ರುವ ಪ್ರದೇಶದ ಸಮುದ್ರಗಳ ನಾರ್ವಾಲ್ ಎಂಬ ಪ್ರಾಣಿಯ ಹಲ್ಲು. ಅದು ಹೇಗೂ ಇರಲಿ, 1564ರಲ್ಲಿ ಹ್ಯಾಬ್ಸ್‌ಬರ್ಗ್ ಸೋದರರು ಈ ಎರಡು ವಸ್ತುಗಳ ಬಗೆಗೆ ಒಂದು ಒಪ್ಪಂದ ಮಾಡಿಕೊಂಡರು. ಇವು ಯಾರೊಬ್ಬರ ಸ್ವಂತವೂ ಅಲ್ಲ, ಇಡೀ ಮನೆತನಕ್ಕೆ ಸೇರಿದವು, ಇವನ್ನು ಪಾಲು ಮಾಡುವಂತಿಲ್ಲ, ಪರಭಾರೆ ಮಾಡುವಂತಿಲ್ಲ ಎಂದು. ಒಡವೆ ಧರಿಸಿದವರದೋ, ಮನೆತನದ್ದೋ, ಇಲ್ಲವೆ ನಾಡಿನದೋ ಎಂಬ ಪ್ರಶ್ನೆ ಈ ವಂಶದ ಚರಿತ್ರೆಯಲ್ಲಿ ಹೀಗೆ ಬಹು ಹಿಂದಿನಿಂದ ನಡೆದು ಬಂದಿದೆ. ಅದು ಅತ್ಯಂತ ತೀವ್ರವಾಗಿ ಎದುರಾದದ್ದು ಮಾತ್ರ ಈ ಭಂಡಾರದಲ್ಲಿ ಈಗ ಇಲ್ಲದ ಒಂದು ಒಡವೆಯ ವಿಷಯದಲ್ಲಿ. 'ಫ್ಲಾರೆಂಟೈನ್' ಎಂದು ಹೆಸರಾದ ಆ ವಜ್ರ ನೂರು ವರ್ಷಗಳಿಗೂ ಹೆಚ್ಚು ಕಾಲ ಲೋಕದ ಕಣ್ಣಿಗೆ ಬೀಳದೆ ಉಳಿದಿತ್ತು.

ವಜ್ರದ ಬಣ್ಣ ತೆಳು ಹಳದಿ, ಹಣ್ಣಾಗುತ್ತಿರುವ ನಿಂಬೆಯ ಸಿಪ್ಪೆಯಂತೆ. ಒಂಬತ್ತು ಮೂಲೆ, 126 ಮುಖಗಳು. ತೂಕ 137 ಕ್ಯಾರೆಟ್. ಎಂದರೆ ಎರಡು ತೊಲೆಗಿಂತ ತುಸು ಹೆಚ್ಚು. ಲಂಡನ್ನಿನಲ್ಲಿರುವ ಕೊಹಿನೂರ್ ಈಗ ತೂಗುವುದು ಸುಮಾರು 105 ಕ್ಯಾರೆಟ್ ಎಂಬುದನ್ನು ನೆನೆದರೆ ಇದರ ಗಾತ್ರ ಮನಸ್ಸಿಗೆ ಬಂದೀತು. ಇಂದಿನ ವಜ್ರಗಳಂತೆ ಇದು ಝಗಝಗಿಸುವುದಿಲ್ಲ. ಹಳೆಯ ಕಾಲದ ಸಾಣೆಗಾರರು ಹರಳಿನ ತೂಕವನ್ನು ಆದಷ್ಟೂ ಉಳಿಸಿಕೊಂಡು, ಎರಡು ಪಕ್ಕಕ್ಕೂ ಗುಲಾಬಿಯ ಎಸಳುಗಳಂತೆ ಪಟ್ಟೆ ಹೊಡೆಯುತ್ತಿದ್ದರು. ಇದರ ಕಾಂತಿ ದೀಪದ ಕಾಂತಿಯಲ್ಲ, ತುಪ್ಪದ ಕಾಂತಿ.

ಇದರ ತವರು ಭಾರತ. 1720ರ ದಶಕದಲ್ಲಿ ಬ್ರೆಜಿಲ್ ದೇಶದಲ್ಲಿ ಗಣಿಗಳು ಸಿಗುವವರೆಗೆ ಯೂರೋಪಿನ ಅರಸರ ವಜ್ರಗಳೆಲ್ಲ ಬಹುಮಟ್ಟಿಗೆ ಇಲ್ಲಿಂದಲೇ ಹೋಗುತ್ತಿದ್ದವು. ಈ ಹರಳಿನ ಮೂಲದ ಬಗೆಗೆ ಪ್ರಚಾರದಲ್ಲಿರುವ ವೃತ್ತಾಂತಗಳು ಹಲವು. ರಣರಂಗದಲ್ಲಿ ಬಿದ್ದಿದ್ದ ಇದನ್ನು ಗಾಜೆಂದು ತಿಳಿದು ಒಬ್ಬ ಸೈನಿಕ ಪುಡಿಗಾಸಿಗೆ ಮಾರಿದನೆಂಬುದು ಒಂದು. ಅದು ಕಟ್ಟುಕಥೆಯೆನ್ನಲು ಅಡ್ಡಿಯಿಲ್ಲ. ಇನ್ನೊಂದು ಕನ್ನಡಿಗರ ಕಿವಿ ನಿಮಿರುವಂಥದು. 16ನೆಯ ಶತಮಾನದ ಕೊನೆಯಲ್ಲಿ ಗೋವೆಯ ಪೋರ್ಚುಗೀಸ್ ಅಧಿಕಾರಿಯೊಬ್ಬ ವಿಜಯನಗರದ ಅರಸನಿಂದ ಇದನ್ನು ಪಡೆದನೆಂದೂ, ಅದು ರೋಮ್ ನಗರವನ್ನು ಸೇರಿ ಜೆಸ್ಯೂಟ್ ಪಾದ್ರಿಗಳ ವಶದಲ್ಲಿತ್ತೆಂದೂ, ಬಹಳ ಚೌಕಾಶಿಯ ಅನಂತರ ಟಸ್ಕನಿಯ ಮಹಾಡ್ಯೂಕನಾದ ಫೆರ್ಡಿನಾಂಡೋ ಮೆದಿಚಿ ಅದನ್ನು ಕೊಂಡುಕೊಂಡನೆಂದೂ ಆ ವೃತ್ತಾಂತ ಹೇಳುತ್ತದೆ. ಇದು ನಿಜವಾದರೆ, ಮಾರಿದ ಅರಸ ಹಂಪೆಯ ವೈಭವದ ದಿನಗಳವನಲ್ಲ. 1565ರ ಕದನದಲ್ಲಿ ಹಂಪೆ ಹಾಳಾಗಿ, ಅರವೀಡು ವಂಶದವರು ಪೆನುಗೊಂಡೆ ಚಂದ್ರಗಿರಿಗಳಿಂದ ಹೇಗೋ ರಾಜ್ಯವನ್ನು ಹಿಡಿದುಕೊಂಡಿದ್ದ ಕಾಲವದು. ರಾಜ್ಯ ಕುಸಿಯುವಾಗ ಮೊದಲು ಹೊಸ್ತಿಲು ದಾಟುವುದು ಒಡವೆ. ಈ ವಜ್ರದ ಬಾಳಿನಲ್ಲಿ ಅದು ಮತ್ತೆ ಎರಡು ಸಲ ನಡೆಯಿತು.

ಫ್ಲಾರೆನ್ಸ್ ನಗರದಲ್ಲಿ ವೆನಿಸ್ಸಿನ ಒಬ್ಬ ಕುಶಲಿ ಸಾಣೆ ಹಿಡಿದು ಹರಳಿಗೆ ರೂಪ ಕೊಟ್ಟನು. 1615ರಲ್ಲಿ ಅದು ಸಿದ್ಧವಾಗಿ ಫೆರ್ಡಿನಾಂಡೋವಿನ ಮಗನ ಕೈ ಸೇರಿತು. ಗೋಲ್ಕೊಂಡದ ಗಣಿಗಳನ್ನೆಲ್ಲ ಸುತ್ತಿದ್ದ ಫ್ರೆಂಚ್ ರತ್ನವ್ಯಾಪಾರಿ ಟವೆರ್ನಿಯೆ ಇದನ್ನು ಮೆದಿಚಿಗಳ ಅರಮನೆಯಲ್ಲಿ ನೋಡಿ, ತನ್ನ ಪ್ರವಾಸ ಗ್ರಂಥದಲ್ಲಿ ದಾಖಲೆ ಮಾಡಿದನು. ಬಣ್ಣ ಹಳದಿಯ ಕಡೆಗೆ ವಾಲಿದೆಯೆಂಬುದೊಂದೇ ಅವನ ಆಕ್ಷೇಪ. ವ್ಯಾಪಾರಿಯ ಕಣ್ಣು! ಇಂದು ಅದೇ ಹಳದಿಯೇ ಇದರ ಗುರುತು, ಇದರ ಕೀರ್ತಿ.

1737ರಲ್ಲಿ ಮೆದಿಚಿ ವಂಶದ ಕೊನೆಯ ಮಹಾಡ್ಯೂಕ್ ಮಕ್ಕಳಿಲ್ಲದೆ ತೀರಿಕೊಂಡನು. ಯೂರೋಪಿನ ದೊಡ್ಡ ರಾಜ್ಯಗಳು ಮೊದಲೇ ಮಾಡಿಕೊಂಡಿದ್ದ ಏರ್ಪಾಟಿನಂತೆ ಟಸ್ಕನಿ, ಲೊರೇನಿನ ಫ್ರಾನ್ಸಿಸ್ ಸ್ಟೀಫನನ ಪಾಲಾಯಿತು. ಅವನು ಹ್ಯಾಬ್ಸ್‌ಬರ್ಗರ ಅಳಿಯ, ಮಾರಿಯಾ ತೆರೇಸಾಳ ಪತಿ. ಆಗ ಮೆದಿಚಿಗಳ ರಕ್ತದಲ್ಲಿ ಉಳಿದಿದ್ದವಳು ಸತ್ತವನ ಅಕ್ಕ ಅನ್ನಾ ಮಾರಿಯಾ ಲೂಯಿಸಾ ಒಬ್ಬಳೇ, ವಯಸ್ಸು ಎಪ್ಪತ್ತು, ವಿಧವೆ. ರಾಜ್ಯ ಆಕೆಯ ಕೈಯಲ್ಲಿರಲಿಲ್ಲ. ಆದರೆ ಮುನ್ನೂರು ವರ್ಷಗಳಿಂದ ಅವಳ ಪೂರ್ವಿಕರು ಕೂಡಿಹಾಕಿದ್ದ ಚಿತ್ರಗಳು, ವಿಗ್ರಹಗಳು, ಗ್ರಂಥಗಳು, ರತ್ನಗಳು ಇದ್ದವು. ಅದೇ ವರ್ಷ ಅಕ್ಟೋಬರಿನಲ್ಲಿ ಆಕೆ ಹೊಸ ದೊರೆಯೊಡನೆ ಒಂದು ಕರಾರು ಮಾಡಿಕೊಂಡಳು. ಎಲ್ಲವನ್ನೂ ಕೊಡುತ್ತೇನೆ, ಆದರೆ ಒಂದೂ ಫ್ಲಾರೆನ್ಸನ್ನು ಬಿಟ್ಟು ಹೊರಗೆ ಹೋಗಕೂಡದು. ಅವು ನಾಡಿಗೆ ಭೂಷಣವಾಗಿ, ಜನರಿಗೆ ಉಪಯೋಗವಾಗಿ, ಪರದೇಶದವರನ್ನು ಸೆಳೆಯುವ ಆಕರ್ಷಣೆಯಾಗಿ ಅಲ್ಲಿಯೇ ಇರಬೇಕು ಎಂಬುದು ಅದರ ಸಾರ. ಉಫೀಜಿ ಚಿತ್ರಶಾಲೆಯನ್ನು ನೋಡಲು ಇಂದು ಲೋಕದ ಎಲ್ಲೆಡೆಯಿಂದ ಜನ ಸಾಲುಗಟ್ಟುತ್ತಿದ್ದರೆ ಅದಕ್ಕೆ ಈ ಮುದುಕಿಯ ದೂರದೃಷ್ಟಿಯೇ ಕಾರಣ. ರತ್ನಗಳೂ ಕರಾರಿನಲ್ಲಿ ಸೇರಿದ್ದವು. ಆದರೂ ಹಳದಿ ವಜ್ರ ವಿಯೆನ್ನಾಕ್ಕೆ ಹೋಯಿತು. 1745ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಫ್ರಾನ್ಸಿಸ್ ಸಾಮ್ರಾಟನಾಗಿ ಪಟ್ಟವೇರಿದಾಗ ಅದು ಅವನ ಕಿರೀಟದಲ್ಲಿ ಬೆಳಗಿತೆಂದು ಹೇಳುತ್ತಾರೆ. ಅಳಿಯನ ಕೈಗೆ ಭಂಡಾರದ ಬೀಗದ ಕೈ ಸಿಕ್ಕರೆ ಕರಾರು ಏನು ಮಾಡೀತು?

ಅಲ್ಲಿಂದ ಮುಂದೆ ಸುಮಾರು 180 ವರ್ಷಗಳ ಕಾಲ ವಜ್ರ ಹ್ಯಾಬ್ಸ್‌ಬರ್ಗರದಾಗಿತ್ತು. ಕೊನೆಗೆ ಹೋಫ್‌ಬುರ್ಗ್ ಭಂಡಾರದ 13ನೆಯ ಕಪಾಟಿನಲ್ಲಿ, ರಾಜಮನೆತನದ ಖಾಸಗಿ ಒಡವೆಗಳ ನಡುವೆ, ಟೋಪಿಗೆ ಸಿಕ್ಕಿಸುವ ಪದಕದಲ್ಲಿ ಕುಳಿತಿತ್ತು.

1916ರ ನವೆಂಬರಿನಲ್ಲಿ ವೃದ್ಧ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಕಾಲವಾದನು. ಮಹಾಯುದ್ಧದ ನಡುವೆ ಅವನ ಅಣ್ಣತಮ್ಮಂದಿರ ಪೀಳಿಗೆಯ ಕಾರ್ಲ್, 29 ವರ್ಷದ ಯುವಕ, ಸಿಂಹಾಸನವೇರಿದನು. ಆ ವರ್ಷದ ಡಿಸೆಂಬರ್ 30ರಂದು ಬುಡಾಪೆಸ್ಟಿನಲ್ಲಿ ಅವನಿಗೆ ಹಂಗೇರಿಯ ಅರಸನಾಗಿ ಪಟ್ಟಾಭಿಷೇಕವಾಯಿತು. ಆಗ ತೆಗೆದ ಛಾಯಾಚಿತ್ರ ಪ್ರಸಿದ್ಧವಾದುದು: ಕಿರೀಟ ಧರಿಸಿದ ಕಾರ್ಲ್, ರತ್ನಮುಕುಟ ತೊಟ್ಟ ರಾಣಿ ಜೀಟಾ, ನಡುವೆ ನಾಲ್ಕು ವರ್ಷದ ಮಗ ಓಟೋ. ಈ ಸಡಗರ ಎರಡು ವರ್ಷವೂ ನಿಲ್ಲಲಿಲ್ಲ. 1918ರ ಶರತ್ಕಾಲದಲ್ಲಿ ಸಾಮ್ರಾಜ್ಯ ಒಡೆದು ಚೂರುಚೂರಾಯಿತು. ನವೆಂಬರ್ ತಿಂಗಳ ಮೊದಲ ದಿನಗಳಲ್ಲಿ, ಚಕ್ರವರ್ತಿಯ ಅಪ್ಪಣೆಯಂತೆ ಅರಮನೆಯ ಅಧಿಕಾರಿ ಕೌಂಟ್ ಬೆರ್ಖ್‌ಟೋಲ್ಡ್ 13ನೆಯ ಕಪಾಟನ್ನು ತೆರೆಸಿ ಒಡವೆಗಳನ್ನು ತೆಗೆಸಿದನು. ಕೆಲವೇ ದಿನಗಳಲ್ಲಿ ಅವು ಸ್ವಿಟ್ಜರ್ಲೆಂಡನ್ನು ಮುಟ್ಟಿದವು. ಈ ಬೆರ್ಖ್‌ಟೋಲ್ಡನೇ 1914ರಲ್ಲಿ ವಿದೇಶಾಂಗ ಮಂತ್ರಿಯಾಗಿದ್ದು, ಸರ್ಬಿಯಾಕ್ಕೆ ಅಂತಿಮ ಪತ್ರ ಕಳುಹಿಸಿ ಯುದ್ಧಕ್ಕೆ ಬಾಗಿಲು ತೆರೆದವನು. ಬೆಂಕಿ ಹೊತ್ತಿಸಿದವನ ಕೈಯಿಂದಲೇ, ಮನೆ ಸುಡುವಾಗ ಒಡವೆಯನ್ನು ಹೊರಗೆ ಸಾಗಿಸಿದಂತಾಯಿತು.

ನವೆಂಬರ್ 11ರಂದು ಕಾರ್ಲ್ ರಾಜ್ಯಭಾರವನ್ನು ಬಿಟ್ಟುಕೊಟ್ಟನು. 1919ರ ಮಾರ್ಚಿಯಲ್ಲಿ ಕುಟುಂಬ ದೇಶ ಬಿಟ್ಟಿತು. ಏಪ್ರಿಲ್ 3ರಂದು ಆಸ್ಟ್ರಿಯಾದ ಹೊಸ ಗಣರಾಜ್ಯ ಒಂದು ಶಾಸನ ಮಾಡಿ, ಹಕ್ಕು ತೊರೆಯದ ಹ್ಯಾಬ್ಸ್‌ಬರ್ಗರನ್ನು ಗಡಿಪಾರು ಮಾಡಿತು. ಮನೆತನದ ಸಾಮೂಹಿಕ ಆಸ್ತಿಯೆಲ್ಲ ರಾಜ್ಯದ್ದೆಂದೂ, ವ್ಯಕ್ತಿಗಳ ಸ್ವಂತ ಆಸ್ತಿ ಮಾತ್ರ ಅವರದೆಂದೂ ಸಾರಿತು. ಅಷ್ಟರಲ್ಲಿ ಹಕ್ಕಿ ಹಾರಿತ್ತು. ಕಾರ್ಲ್ 1921ರಲ್ಲಿ ಎರಡು ಸಲ ಹಂಗೇರಿಯ ಸಿಂಹಾಸನವನ್ನು ಮರಳಿ ಪಡೆಯಲು ಹೋಗಿ ಸೋತನು. ಮಿತ್ರರಾಷ್ಟ್ರಗಳು ಅವನನ್ನು ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪಕ್ಕೆ ಅಟ್ಟಿದವು. ಅಲ್ಲಿನ ತೇವದ ಮನೆಯಲ್ಲಿ ನ್ಯುಮೋನಿಯಾ ತಗಲಿ, 1922ರ ಏಪ್ರಿಲ್ 1ರಂದು ಅವನು ಕೊನೆಯುಸಿರೆಳೆದಾಗ ವಯಸ್ಸು 34. ಜೀಟಾಳಿಗೆ 29. ಏಳು ಮಕ್ಕಳು, ಎಂಟನೆಯದು ಗರ್ಭದಲ್ಲಿ. ಅಂದು ತೊಟ್ಟ ಕಪ್ಪು ಉಡುಪನ್ನು ಆಕೆ ಮತ್ತೆ ಬದಲಿಸಲಿಲ್ಲ. ಅದರಲ್ಲೇ 67 ವರ್ಷ ಕಳೆದಳು.

ಹೀಗಿರಲು ಒಡವೆಗಳು ಏನಾದವು? ಹಲವು ಸ್ವಿಟ್ಜರ್ಲೆಂಡಿನಲ್ಲೇ ಮಾರಾಟವಾಗಿ, ಬಿಡಿಬಿಡಿಯಾಗಿ ಕರಗಿಹೋದವು. ಆ ವ್ಯವಹಾರದಲ್ಲಿ ಕೈಯಿದ್ದ ರತ್ನವ್ಯಾಪಾರಿಯೊಬ್ಬ 1966ರಲ್ಲಿ ಅದನ್ನು ಕುರಿತು ಪುಸ್ತಕವನ್ನೇ ಬರೆದನು. ಹಳದಿ ವಜ್ರದ ಬಗೆಗೆ ಮಾತ್ರ ಊಹಾಪೋಹಗಳೇ ಉಳಿದವು. ನಂಬಿದ ಮಧ್ಯವರ್ತಿ ಕದ್ದೊಯ್ದನೆಂದರು. ದಕ್ಷಿಣ ಅಮೆರಿಕಕ್ಕೆ ಹೋಯಿತೆಂದರು. ಒಡೆದು ಸಾಣೆ ಹಿಡಿದು ಗುರುತು ಸಿಗದಂತೆ ಮಾಡಿದ್ದಾರೆಂದರು. 1981ರಲ್ಲಿ ಜಿನೀವಾದಲ್ಲಿ ಸುಮಾರು 100 ಕ್ಯಾರೆಟ್ಟಿನ ಹಳದಿ ವಜ್ರವೊಂದು ಹರಾಜಾದಾಗ, ಇದೇ ಅದು ಎಂದು ತಜ್ಞರಲ್ಲೇ ಹಲವರು ನಂಬಿದರು. ಕಾದಂಬರಿಗಳೂ ಚಲಚ್ಚಿತ್ರಗಳೂ ಈ ವದಂತಿಗಳ ಮೇಲೆ ಬೆಳೆದವು.

ವಜ್ರವೆಲ್ಲಿತ್ತೆಂಬುದನ್ನು ಅರಿತವಳು ಜೀಟಾ. ಸ್ಪೇನಿನಲ್ಲಿ ಕೆಲವು ವರ್ಷ, ಬೆಲ್ಜಿಯಮ್ಮಿನಲ್ಲಿ ಕೆಲವು ವರ್ಷ ಮಕ್ಕಳನ್ನು ಬೆಳೆಸಿದಳು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದನು. ಆ ದಂಡಯಾತ್ರೆಗೆ ಅವನ ಸೇನೆ ಇಟ್ಟಿದ್ದ ಗುಪ್ತನಾಮ 'ಓಟೋ', ಆಕೆಯ ಹಿರಿಯ ಮಗನ ಹೆಸರು! 1940ರ ಮೇ ತಿಂಗಳಲ್ಲಿ ಜರ್ಮನರು ಬೆಲ್ಜಿಯಮ್ಮಿನ ಮೇಲೆ ಬಿದ್ದಾಗ ಕುಟುಂಬ ಮನೆ ಬಿಟ್ಟು ಓಡಿತು. ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಅಲ್ಲಿಂದ ಸಾಗರ ದಾಟಿ ಅಮೆರಿಕ. ಒಂದು ಸಣ್ಣ ರಟ್ಟಿನ ಸೂಟ್‌ಕೇಸಿನಲ್ಲಿ ಒಡವೆಗಳು ಆಕೆಯ ಜೊತೆಯಲ್ಲೇ ಪಯಣ ಮಾಡಿದವು. ಚರ್ಮದ್ದಲ್ಲ, ಉಕ್ಕಿನದಲ್ಲ, ರಟ್ಟಿನದು. ಕಳ್ಳನ ಕಣ್ಣಿಗೆ ಅದಕ್ಕಿಂತ ಒಳ್ಳೆಯ ಮರೆ ಯಾವುದಿದ್ದೀತು!

ಕೊನೆಗೆ ನಿಂತದ್ದು ಕೆನಡಾದ ಕ್ವಿಬೆಕ್ ನಗರದಲ್ಲಿ. ಅಲ್ಲಿನ ಭಾಷೆ ಫ್ರೆಂಚ್. ಕಿರಿಯ ಮಕ್ಕಳ ವ್ಯಾಸಂಗಕ್ಕೆ ಅನುಕೂಲ. ಪೆಟ್ಟಿಗೆಯಲ್ಲಿದ್ದುದನ್ನು ಒಂದು ಬ್ಯಾಂಕಿನ ತಿಜೋರಿಯಲ್ಲಿಟ್ಟಳು. ಯುದ್ಧದಿಂದ ಯೂರೋಪಿನ ಹಣದ ಮೂಲಗಳೆಲ್ಲ ಕಡಿದುಹೋಗಿದ್ದವು. ಆ ದಿನಗಳಲ್ಲಿ ಮನೆಯ ಮುಗ್ಗಟ್ಟು ಎಷ್ಟಿತ್ತೆಂದರೆ, ಹುಲ್ಲಿನ ನಡುವೆ ತಾನಾಗಿ ಬೆಳೆಯುವ, ಯಾರೂ ಕೇಳದ ಡ್ಯಾಂಡೆಲಿಯನ್ ಎಂಬ ಕಾಡುಸೊಪ್ಪನ್ನು ಆಕೆ ಪಲ್ಯಕ್ಕೂ ಕೋಸಂಬರಿಗೂ ಬಳಸುತ್ತಿದ್ದಳು. ಹಂಗೇರಿಯ ರಾಣಿ, ಬೊಹಿಮಿಯಾದ ರಾಣಿ, ಆಸ್ಟ್ರಿಯಾದ ಚಕ್ರವರ್ತಿನಿ ಸೊಪ್ಪು ಕೀಳುತ್ತಿದ್ದಳು. ಅದೇ ಊರಿನ ಬ್ಯಾಂಕಿನಲ್ಲಿ 137 ಕ್ಯಾರೆಟ್ಟಿನ ವಜ್ರ ಮಲಗಿತ್ತು. ಆಪತ್ತಿಗೆ ಒದಗಲೆಂದೇ ಒಡವೆ ಮಾಡಿಸುವ ಗೃಹಿಣಿಯರಿಗೆ ಇದು ಹುಚ್ಚೆಂದು ತೋರಬಹುದು. ಮಗಳ ಮದುವೆಗೆ, ಮಗನ ಓದಿಗೆ, ಗಂಡನ ಕಾಯಿಲೆಗೆ ಬಳೆಯನ್ನು ಅಡವಿಡದ ಮನೆ ಎಷ್ಟಿವೆ? ಹಾಗೆಂದು ಜೀಟಾ ಒಡವೆಯ ಮೋಹದಿಂದ ಅದನ್ನು ಬಿಗಿಹಿಡಿದಳೆನ್ನಲಾಗದು. ಆಕೆ ಅದನ್ನು ತೊಡಲಿಲ್ಲ, ತೋರಿಸಲಿಲ್ಲ, ಮಾರಲಿಲ್ಲ. ಮಾರುವುದಕ್ಕೆ ಅದು ತನ್ನದೆಂದು ಆಕೆ ಎಣಿಸಿರಲಿಲ್ಲವೆಂದೇ ತೋರುತ್ತದೆ.

ಯುದ್ಧ ಮುಗಿದ ಮೇಲಂತೂ ಇನ್ನೂ ವಿಚಿತ್ರವಾದ ದೃಶ್ಯ. ಆಕೆಯನ್ನು ಗಡಿಪಾರು ಮಾಡಿದ ಆಸ್ಟ್ರಿಯಾ ಹಸಿದು ಕಂಗೆಟ್ಟಿತ್ತು. ಜೀಟಾ ಅಮೆರಿಕ ಕೆನಡಾಗಳ ಊರೂರು ತಿರುಗಿ ಆಸ್ಟ್ರಿಯಾ ಹಂಗೇರಿಗಳ ಜನರಿಗಾಗಿ ಸಹಾಯ ಕೂಡಿಸಿದಳು. ಸ್ವದೇಶಕ್ಕೆ ಮಾತ್ರ ಆಕೆಗೆ ಪ್ರವೇಶವಿರಲಿಲ್ಲ. 1953ರಲ್ಲಿ ಆಕೆ ಯೂರೋಪಿಗೆ ಮರಳಿದಾಗ ವಜ್ರ ಕ್ವಿಬೆಕ್ಕಿನಲ್ಲೇ ಉಳಿಯಿತು. ಅದಿರುವ ಜಾಗವನ್ನು ಆಕೆ ತಿಳಿಸಿದ್ದು ರಾಬರ್ಟ್ ಮತ್ತು ರುಡಾಲ್ಫ್ ಎಂಬ ಇಬ್ಬರು ಮಕ್ಕಳಿಗೆ. ಕಾರ್ಲ್ ಸತ್ತು ನೂರು ವರ್ಷ ತುಂಬುವವರೆಗೆ ಯಾರಿಗೂ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದಳು. 1982ರಲ್ಲಿ, 63 ವರ್ಷಗಳ ಬಳಿಕ, ಆಕೆಗೆ ಆಸ್ಟ್ರಿಯಾದ ನೆಲ ತುಳಿಯಲು ಅವಕಾಶವಾಯಿತು. 1989ರ ಮಾರ್ಚಿಯಲ್ಲಿ, 96ನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡಳು. ವಿಯೆನ್ನಾದಲ್ಲಿ ಶವಸಂಸ್ಕಾರ ನಡೆದದ್ದು ಏಪ್ರಿಲ್ 1ರಂದು, ಪತಿ ಸತ್ತ ತಾರೀಖಿನಂದೇ. ವಜ್ರದ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಅರಿತ ಇಬ್ಬರೂ ತುಟಿ ಬಿಚ್ಚಲಿಲ್ಲ. ತಮ್ಮ ಅಂತ್ಯಕಾಲಕ್ಕೆ ಮುನ್ನ ಅವರು ಗುಟ್ಟನ್ನು ತಮ್ಮ ಮಕ್ಕಳಿಗೆ ಒಪ್ಪಿಸಿದರು.

2025ರ ನವೆಂಬರಿನಲ್ಲಿ ಗುಟ್ಟು ಹೊರಬಿದ್ದಿತು. ಓಟೋನ ಮಗ, ಮನೆತನದ ಈಗಿನ ಯಜಮಾನ ಕಾರ್ಲ್ ಹ್ಯಾಬ್ಸ್‌ಬರ್ಗ್, ಇಬ್ಬರು ದಾಯಾದಿಗಳ ಜೊತೆಯಲ್ಲಿ ಕ್ವಿಬೆಕ್ಕಿನ ಬ್ಯಾಂಕಿನಲ್ಲಿ ವಜ್ರವನ್ನು ಲೋಕಕ್ಕೆ ತೋರಿಸಿದರು. ಅವರಿಗೂ ವಿಷಯ ತಿಳಿದದ್ದು ತೀರ ಈಚೆಗೆ. ಹಿಂದೆ ಆಸ್ಥಾನದ ಅಕ್ಕಸಾಲಿಗರಾಗಿದ್ದ ಕ್ಯೋಖೆರ್ಟ್ ಮನೆತನದವರೊಬ್ಬರು ಪರೀಕ್ಷಿಸಿ, ಇದು ನಿಜವಾದ ಫ್ಲಾರೆಂಟೈನ್ ಎಂದು ನುಡಿದರು. ಹ್ಯಾಬ್ಸ್‌ಬರ್ಗರ ಕಾಣೆಯಾದ ಒಡವೆ ಕೆನಡಾದಲ್ಲಿ ಬೆಳಕಿಗೆ ಬಂದದ್ದು ಇದೇ ಮೊದಲೂ ಅಲ್ಲ. ಚೆಲುವೆಯೆಂದು ಹೆಸರಾಗಿದ್ದ ಚಕ್ರವರ್ತಿನಿ ಎಲಿಜಬೆತ್ ಮುಡಿಯಲ್ಲಿ ಮುಡಿಯುತ್ತಿದ್ದ ವಜ್ರದ ನಕ್ಷತ್ರಗಳನ್ನು ವಿಂಟರ್‌ಹಾಲ್ಟರನ ಚಿತ್ರದಲ್ಲಿ ಕಂಡವರು ಮರೆಯಲಾರರು. ಕ್ಯೋಖೆರ್ಟರು ಮಾಡಿದ ಅಂಥ ಒಂದು ನಕ್ಷತ್ರ 1998ರಲ್ಲಿ ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಪ್ರದರ್ಶನದಿಂದ ಕಳುವಾಗಿ, 2007ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ಪೊಲೀಸರ ಕೈಗೆ ಸಿಕ್ಕಿತ್ತು. ಅದು ಕಳ್ಳನ ಮಾಲು. ವಾರಸುದಾರರ ಬಗೆಗೆ ಜಗಳವಿರಲಿಲ್ಲ.

ಇದಕ್ಕೆ ಅಂಥ ಸುಲಭದ ತೀರ್ಪಿಲ್ಲ. ಸುದ್ದಿ ಹೊರಟೊಡನೆ ಆಸ್ಟ್ರಿಯಾದ ಸರಕಾರ ವಜ್ರದ ಒಡೆತನವನ್ನು ಪರಿಶೀಲಿಸುವುದಾಗಿ ಹೇಳಿತು. 13ನೆಯ ಕಪಾಟಿನಲ್ಲಿದ್ದುದು ಮನೆತನದ ಖಾಸಗಿ ಸೊತ್ತು, ಶಾಸನಕ್ಕೆ ಮೊದಲೇ ಹೊರಗೆ ಬಂದದ್ದು ಎಂಬುದು ಕುಟುಂಬದ ಕಡೆಗೆ ಹೇಳಬಹುದಾದ ಮಾತು. ಮನೆತನದ್ದು ಎಂದ ಮಾತ್ರಕ್ಕೆ ಅದು ಒಬ್ಬ ಕಾರ್ಲನ ಸ್ವಂತದ್ದಾಗುವುದಿಲ್ಲ, ಮನೆತನದ್ದೆಲ್ಲವೂ 1919ರಲ್ಲಿ ರಾಜ್ಯಕ್ಕೆ ಸೇರಿತು ಎಂಬುದು ಎದುರು ಮಾತು. ಜೀಟಾಳ ನಡತೆಯೂ ಎರಡು ಅಲಗಿನ ಕತ್ತಿ. ತನ್ನದಲ್ಲವೆಂದು ಮುಟ್ಟದೆ ಕಾದಳೆಂದು ಮೆಚ್ಚಿದರೆ, ಹಾಗಾದರೆ ಯಾರದು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಇನ್ನೂ ಹಿಂದಕ್ಕೆ ಸರಿದರೆ ಫ್ಲಾರೆನ್ಸಿನ ಅನ್ನಾ ಮಾರಿಯಾ ತನ್ನ ಕರಾರನ್ನು ಹಿಡಿದು ನಿಂತಿದ್ದಾಳೆ. ಇಬ್ಬರೂ ವಂಶದ ಮುಳುಗಡೆಯನ್ನು ಕಂಡ ವಿಧವೆಯರು, ಇಬ್ಬರೂ ಐಶ್ವರ್ಯವನ್ನು ಮಾರಿಕೊಳ್ಳದೆ ಉಳಿಸಿದವರು. ಒಬ್ಬಳು ಎಲ್ಲರ ಕಣ್ಣಿಗೆ ಬೀಳಲೆಂದು ಉಳಿಸಿದಳು; ಇನ್ನೊಬ್ಬಳು ಯಾರ ಕಣ್ಣಿಗೂ ಬೀಳದಂತೆ. ಮೊದಲನೆಯವಳ ಕೆಲಸ ದೊಡ್ಡದೆಂದು ಹೇಳದೆ ಗತಿಯಿಲ್ಲ. ಆದರೆ ಎರಡನೆಯವಳ ಬೆನ್ನ ಹಿಂದೆ ಹಿಟ್ಲರನ ವಿಮಾನಗಳಿದ್ದವು.

ಪ್ರತಿ ವರ್ಷ ಫೆಬ್ರವರಿ 18ರಂದು, ಅನ್ನಾ ಮಾರಿಯಾ ತೀರಿಕೊಂಡ ದಿನ, ಫ್ಲಾರೆನ್ಸ್ ನಗರಸಭೆಯ ವಸ್ತುಸಂಗ್ರಹಾಲಯಗಳಲ್ಲಿ ಜನರಿಗೆ ಟಿಕೆಟ್ಟಿಲ್ಲದೆ ಪ್ರವೇಶವುಂಟು. ಹ್ಯಾಬ್ಸ್‌ಬರ್ಗರೂ ಈಗ ತಮ್ಮ ವಜ್ರವನ್ನು ಮುಚ್ಚಿಡುವುದಿಲ್ಲವೆಂದಿದ್ದಾರೆ. ಕಷ್ಟಕಾಲದಲ್ಲಿ ಆಶ್ರಯ ಕೊಟ್ಟ ಕೆನಡಾದ ಉಪಕಾರಕ್ಕೆ ಕೃತಜ್ಞತೆಯಾಗಿ, ಆ ದೇಶದ ವಸ್ತುಸಂಗ್ರಹಾಲಯವೊಂದರಲ್ಲಿ ಅದನ್ನು ಪ್ರದರ್ಶನಕ್ಕಿಡಬೇಕೆಂಬುದು ಅವರ ಬಯಕೆ. ಮಾರುವ ಯೋಚನೆ ಇಲ್ಲವೆಂದೂ ತಿಳಿಸಿದ್ದಾರೆ. ಬೆಲೆ ಎಷ್ಟಾದೀತೆಂದು ಕೇಳಿದ್ದಕ್ಕೆ ಕಾರ್ಲ್ ಹ್ಯಾಬ್ಸ್‌ಬರ್ಗ್ ಉತ್ತರ ಕೊಡಲಿಲ್ಲ.